ಡೀಸೆಲ್‌ಗೆ ಟೂ-ಟಿ ಆಯಿಲ್ ಬೆರೆಸುವುದು: ಲಾಭವೋ, ನಷ್ಟವೋ?

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಳ್ಳಂಬೆಳ್ಳದ ಬಳಿ ಅರ್ಧ ಗಂಟೆ ನಿಂತು ನೋಡಿದರೆ, ನಮ್ಮ ಭಾಗದ ವಾಣಿಜ್ಯವು ಎಷ್ಟರಮಟ್ಟಿಗೆ ಡೀಸೆಲ್ ವಾಹನಗಳನ್ನು ಅವಲಂಬಿಸಿದೆ ಎಂಬುದು ಮನವರಿಕೆಯಾಗುತ್ತದೆ. ಪಾವಗಡದ ಕಡಲೆಕಾಯಿ, ಮಧುಗಿರಿ ಮತ್ತು ಕೊರಟಗೆರೆ ಕಡೆಯ ಹುಣಸೆಹಣ್ಣು, ಶಿರಾ ಸೀಮೆಯ ತೆಂಗಿನಕಾಯಿ ಇವೆಲ್ಲವೂ ಹೆದ್ದಾರಿಗೆ ಬರುವ ಮುನ್ನ ಹಲವು ಮೈಲಿ ಮಣ್ಣುದಾರಿಯನ್ನು ದಾಟಬೇಕು. ಕಲ್ಲುಕ್ವಾರಿ, ತೋಟ ಮತ್ತು ಬೋರ್‌ವೆಲ್ ಕೆಲಸದ ಸ್ಥಳಗಳಿಗೆ ನಾಲ್ಕೂ ಚಕ್ರಗಳಿಗೆ ಬಲ ದೊರೆಯುವ ಜೀಪುಗಳನ್ನು ಇಟ್ಟುಕೊಂಡಿರುವ ಸದಸ್ಯರೂ ಉಂಟು. ಇಂತಹ ವಾಹನಗಳ ಟ್ಯಾಂಕಿಗೆ ಡೀಸೆಲ್‌ನೊಡನೆ ಸ್ವಲ್ಪ ಟೂ-ಟಿ ಆಯಿಲ್ ಸುರಿದರೆ ಪಂಪು ಮತ್ತು ನಾಜಲ್‌ಗಳ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ಬಹುಕಾಲದಿಂದ ಇದೆ. ಈ ನಂಬಿಕೆಯಲ್ಲಿ ಎಷ್ಟು ಸತ್ಯಾಂಶವಿದೆ, ಇಂದಿನ ವಾಹನಗಳಿಗೆ ಅದು ಹೊಂದುವುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಂಬಿಕೆಯ ಮೂಲ

ಡೀಸೆಲ್ ಇಂಜಿನ್ನಿನ ಇಂಧನ ಪಂಪಿನಲ್ಲಿ ಲೋಹದ ಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಸಂದಿನಲ್ಲಿ ಸವೆತವನ್ನು ತಡೆಯುವ ಕೀಲೆಣ್ಣೆ ಡೀಸೆಲ್ ಒಂದೇ. ಡೀಸೆಲ್‌ಗಿರುವ ಈ ರಕ್ಷಣಾಶಕ್ತಿಯನ್ನು ಜಾರುಗುಣ ಎನ್ನೋಣ. ಇದು ದ್ರವದ ಮಂದತೆಗಿಂತ ಬೇರೆಯಾದ ಗುಣ. ಮಂದವಾದ ಎಣ್ಣೆಯೆಲ್ಲ ಒಳ್ಳೆಯ ಜಾರುಗುಣ ಹೊಂದಿರುವುದಿಲ್ಲ.

ಡೀಸೆಲ್‌ನಿಂದ ಗಂಧಕವನ್ನು ತೆಗೆಯತೊಡಗಿದಾಗ ಈ ಗುಣದ ಪ್ರಶ್ನೆ ಎದ್ದಿತು. ಸ್ವೀಡನ್ ದೇಶವು 1991ರಲ್ಲಿ ಅತ್ಯಲ್ಪ ಗಂಧಕದ ಡೀಸೆಲ್ಲನ್ನು ಬಳಕೆಗೆ ತಂದಾಗ ಅನೇಕ ವಾಹನಗಳ ಪಂಪುಗಳು ಬೇಗನೆ ಸವೆದವು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳ ಜೀಪು ಮಾಲೀಕರಲ್ಲಿ 200 ಲೀಟರ್ ಡೀಸೆಲ್‌ಗೆ ಒಂದು ಲೀಟರ್ ಟೂ-ಟಿ ಆಯಿಲ್ ಬೆರೆಸುವ ರೂಢಿ ಹಬ್ಬಿದ್ದು ಇದೇ ಆತಂಕದಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಜಾರುಗುಣವನ್ನು ಕೊಡುವುದು ಗಂಧಕವಲ್ಲ. ಗಂಧಕವನ್ನು ತೆಗೆಯುವ ಶುದ್ಧೀಕರಣ ಕ್ರಿಯೆಯಲ್ಲಿ, ಲೋಹಕ್ಕೆ ಅಂಟಿಕೊಂಡು ಪದರವಾಗಿ ನಿಲ್ಲುವ ಇತರ ಸಹಜ ಸಂಯುಕ್ತಗಳೂ ನಾಶವಾಗುತ್ತವೆ. ಆ ಕೊರತೆಯನ್ನು ತುಂಬಲು, ಡೀಸೆಲ್ ಬಂಕಿಗೆ ಬರುವ ಮುನ್ನವೇ ಅದಕ್ಕೆ ಜಾರುಗುಣ ವರ್ಧಕವನ್ನು ಅಳತೆಯಂತೆ ಸೇರಿಸಲಾಗುತ್ತದೆ.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಡೀಸೆಲ್‌ನ ಗಂಧಕದ ಮಿತಿಯನ್ನು ಹಂತಹಂತವಾಗಿ ಇಳಿಸಲಾಯಿತು. ಭಾರತ್ ಸ್ಟೇಜ್-2ರಲ್ಲಿ ಹತ್ತು ಲಕ್ಷ ಭಾಗಕ್ಕೆ 500 ಭಾಗ, ಸ್ಟೇಜ್-3ರಲ್ಲಿ 350, 2017ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಜಾರಿಗೆ ಬಂದ ಸ್ಟೇಜ್-4ರಲ್ಲಿ 50, 2020ರ ಏಪ್ರಿಲ್ 1ರಿಂದ ಸ್ಟೇಜ್-6ರಲ್ಲಿ ಕೇವಲ 10 ಭಾಗ. ಇದರೊಡನೆ ಭಾರತೀಯ ಮಾನಕ 1460 ಜಾರುಗುಣಕ್ಕೂ ಮಿತಿಯನ್ನು ವಿಧಿಸಿದೆ. ಡೀಸೆಲ್‌ನಲ್ಲಿ ಮುಳುಗಿಸಿದ ಉಕ್ಕಿನ ತಟ್ಟೆಯ ಮೇಲೆ ಉಕ್ಕಿನ ಪುಟ್ಟ ಗುಂಡನ್ನು 60 ಡಿಗ್ರಿ ಶಾಖದಲ್ಲಿ 75 ನಿಮಿಷ ಉಜ್ಜಿ, ಗುಂಡಿನ ಮೇಲೆ ಮೂಡಿದ ಸವೆತದ ಗುರುತನ್ನು ಅಳೆಯುತ್ತಾರೆ. ಆ ಗುರುತು 460 ಮೈಕ್ರಾನ್ ಮೀರಕೂಡದು.

2007ರಲ್ಲಿ ಅಮೆರಿಕದ ಡೀಸೆಲ್ ವಾಹನ ಮಾಲೀಕರಿಗಾಗಿ ಇದೇ ವಿಧಾನದಲ್ಲಿ ಒಂದು ಪರೀಕ್ಷೆ ನಡೆಯಿತು. ಯಾವ ವರ್ಧಕವನ್ನೂ ಸೇರಿಸದ ಡೀಸೆಲ್‌ನಲ್ಲಿ ಸವೆತದ ಗುರುತು 636 ಮೈಕ್ರಾನ್ ಇತ್ತು. 200ಕ್ಕೆ ಒಂದರಂತೆ ಟೂ-ಟಿ ಆಯಿಲ್ ಬೆರೆಸಿದಾಗ ಅದು 474ಕ್ಕೆ ಇಳಿಯಿತು. ಶೇಕಡ 2ರಷ್ಟು ಸೋಯಾ ಜೈವಿಕ ಡೀಸೆಲ್ ಬೆರೆಸಿದಾಗ 221ಕ್ಕೆ ಇಳಿಯಿತು. ಟೂ-ಟಿ ಆಯಿಲ್‌ನಿಂದ ಉಪಯೋಗವೇ ಇಲ್ಲವೆಂದು ಹೇಳಲಾಗದು. ಆದರೆ ಅದು ಬರಿಯ ಡೀಸೆಲ್ಲನ್ನು ತಂದು ನಿಲ್ಲಿಸಿದ ಮಟ್ಟವು ನಮ್ಮ ಮಾನಕದ ಮಿತಿಗಿಂತಲೂ ಹಿಂದಿದೆ. ಮಾನಕಕ್ಕೆ ಹೊಂದುವ ಡೀಸೆಲ್ ನಮ್ಮ ಟ್ಯಾಂಕಿಗೆ ಬೀಳುವಾಗಲೇ ಆ ಮಿತಿಯೊಳಗೆ ಇರುತ್ತದೆ.

ಯಾವ ವಾಹನಕ್ಕೆ ಏನು ಪರಿಣಾಮ?

ಹಳೆಯ ಯಾಂತ್ರಿಕ ಪಂಪುಗಳು ಎರಡು ಬಗೆ. ಸಾಲುಪಂಪಿನಲ್ಲಿ ಕ್ಯಾಮ್ ಭಾಗಕ್ಕೆ ಇಂಜಿನ್ ಆಯಿಲ್ ಸಿಗುತ್ತದೆ. ರೋಟರಿ ಪಂಪಿನ ಒಳಭಾಗಗಳೆಲ್ಲ ಡೀಸೆಲ್‌ನಿಂದಲೇ ನೆನೆಯುತ್ತವೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆದ ಮೈಕೋ ಕಾರ್ಖಾನೆಯ ಪಂಪುಗಳನ್ನು ಬಿಚ್ಚಿ ಜೋಡಿಸಿ ಕೈಪಳಗಿದ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಇಂತಹ ಪಂಪುಗಳಿರುವ ಹಳೆಯ ಜೀಪುಗಳಿಗೆ ಅಲ್ಪ ಪ್ರಮಾಣದ ಟೂ-ಟಿ ಆಯಿಲ್‌ನಿಂದ ದೊಡ್ಡ ಹಾನಿ ಆಗಲಾರದು. ಆದರೆ ಅದರ ಅಗತ್ಯವೂ ಇಲ್ಲ. ಇಂಧನ ಬದಲಾದ ಮೇಲೆ ಹಳೆಯ ಪಂಪು ಸೋರತೊಡಗಿದರೆ, ಗಡಸಾದ ರಬ್ಬರ್ ಸೀಲುಗಳನ್ನು ಬದಲಿಸುವುದೇ ಅದಕ್ಕೆ ಪರಿಹಾರ.

ಕಾಮನ್ ರೈಲ್ ಇಂಜಿನ್ನುಗಳ ವಿಷಯ ಬೇರೆ. ಅವುಗಳಲ್ಲಿ ಇಂಧನದ ಒತ್ತಡ ಸಾವಿರ ಬಾರ್‌ಗಳನ್ನು ಮೀರುತ್ತದೆ. ಇಂಜೆಕ್ಟರುಗಳು ಒಂದೇ ಸುತ್ತಿನಲ್ಲಿ ಹಲವು ಬಾರಿ ಅಳತೆಯಂತೆ ತೆರೆದು ಮುಚ್ಚಬೇಕು. ಪೆಟ್ರೋಲಿನೊಡನೆ ಉರಿಯಲೆಂದು ತಯಾರಿಸಿದ ಎಣ್ಣೆಯನ್ನು ಇಂತಹ ವ್ಯವಸ್ಥೆಗೆ ಸುರಿದು, ನಂತರ ಇಂಜೆಕ್ಟರು ಕೆಟ್ಟರೆ ಖಾತರಿಯ ಹಕ್ಕನ್ನು ಕೇಳುವುದು ಕಷ್ಟವಾಗುತ್ತದೆ.

ಸ್ಟೇಜ್-6ರ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವೂ ಇರುತ್ತದೆ. ಮಸಿಯನ್ನು ಅದು ಆಗಾಗ್ಗೆ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಯಲ್ಲಿರುವ ಲೋಹಾಂಶದ ಬೂದಿ ಸುಡುವುದಿಲ್ಲ. ಅಲ್ಲಿಯೇ ಉಳಿದು ಸಂಚಯವಾಗುತ್ತದೆ.

ಲೆಕ್ಕ ಹಾಕಿ ನೋಡೋಣ

ವರ್ಷಕ್ಕೆ 30,000 ಕಿ.ಮೀ. ಓಡುವ, ಲೀಟರಿಗೆ 10 ಕಿ.ಮೀ. ಕೊಡುವ ವಾಹನವನ್ನು ತೆಗೆದುಕೊಳ್ಳಿ. ಅದಕ್ಕೆ 3,000 ಲೀಟರ್ ಡೀಸೆಲ್ ಬೇಕು. 200ಕ್ಕೆ ಒಂದರಂತೆ 15 ಲೀಟರ್ ಟೂ-ಟಿ ಆಯಿಲ್ ಖರ್ಚಾಗುತ್ತದೆ. ಲೀಟರಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 4,500 ರೂಪಾಯಿ. ಜಪಾನಿನ ಜಾಸೋ ಮಾನಕವು ಎಫ್‌ಸಿ ದರ್ಜೆಯ ಟೂ-ಟಿ ಆಯಿಲ್‌ನಲ್ಲಿ ಶೇಕಡ 0.25ರವರೆಗೆ ಬೂದಿಯಂಶಕ್ಕೆ ಅವಕಾಶ ಕೊಡುತ್ತದೆ. ಆ ಗರಿಷ್ಠ ಮಿತಿಯನ್ನು ಹಿಡಿದರೆ 15 ಲೀಟರ್‌ಗೆ ಸುಮಾರು 30 ಗ್ರಾಂ ಬೂದಿ. ಅಂದರೆ ಹಣ ಕೊಟ್ಟು ಶೋಧಕವನ್ನು ಕಟ್ಟಿಸಿಕೊಂಡಂತಾಗುತ್ತದೆ. ಅದೇ ಹಣವನ್ನು ಒಳ್ಳೆಯ ಡೀಸೆಲ್ ಫಿಲ್ಟರುಗಳಿಗೆ ವಿನಿಯೋಗಿಸುವುದು ಲೇಸು.

ಹೊಂಗೆ ಎಣ್ಣೆ ಬೆರೆಸಬಹುದೇ?

ನಮ್ಮ ಭಾಗದಲ್ಲಿ ಹೊಂಗೆ ಮರಗಳು ಹೇರಳವಾಗಿರುವುದರಿಂದ ಈ ಪ್ರಶ್ನೆ ಸಹಜ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಗೆದ್ದದ್ದು ರಾಸಾಯನಿಕವಾಗಿ ಸಂಸ್ಕರಿಸಿದ ಜೈವಿಕ ಡೀಸೆಲ್. ಗಾಣದಿಂದ ತೆಗೆದ ಹಸಿ ಎಣ್ಣೆಯಲ್ಲ. ಹಸಿ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಅದು ನಾಜಲ್‌ನ ತುದಿಯಲ್ಲಿ ಇದ್ದಲಾಗಿ ಕಟ್ಟುತ್ತದೆ. ಹೊಲದ ಪಂಪ್‌ಸೆಟ್ಟಿನ ನಿಧಾನಗತಿಯ ಇಂಜಿನ್ನಿಗೆ ನಡೆದ ಪ್ರಯೋಗವನ್ನು ಜೀಪಿಗೆ ಅನ್ವಯಿಸುವುದು ಸರಿಯಲ್ಲ.

ನಿಜವಾದ ಶತ್ರುಗಳು

ನಮ್ಮ ಸೀಮೆಯಲ್ಲಿ ಪಂಪು ಮತ್ತು ಇಂಜೆಕ್ಟರುಗಳನ್ನು ಹಾಳುಮಾಡುವ ಮುಖ್ಯ ಕಾರಣಗಳು ನೀರು, ಧೂಳು ಮತ್ತು ಕಲಬೆರಕೆ. ಈ ಮೂರಕ್ಕೂ ಟೂ-ಟಿ ಆಯಿಲ್ ಮದ್ದಲ್ಲ. ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಪಾಲಿಸುವುದು ಒಳಿತು.

1. ಫಿಲ್ಟರಿನ ತಳದಲ್ಲಿ ಶೇಖರವಾಗುವ ನೀರನ್ನು ನಿಯಮಿತವಾಗಿ ಹೊರಬಿಡಿ. ನೀರಿನ ಸೂಚನಾ ದೀಪ ಹತ್ತಿದರೆ ವಾಹನವನ್ನು ಮುಂದಕ್ಕೆ ಓಡಿಸಬೇಡಿ.

2. ಮಣ್ಣುದಾರಿಯಲ್ಲಿ ಓಡುವ ವಾಹನದ ಡೀಸೆಲ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮುಂಚಿತವಾಗಿಯೇ ಬದಲಿಸಿ. ಅಗ್ಗದ ನಕಲಿ ಫಿಲ್ಟರು ಬೇಡ.

3. ಟ್ರ್ಯಾಕ್ಟರ್ ಅಥವಾ ಜನರೇಟರಿಗಾಗಿ ಬ್ಯಾರೆಲ್‌ನಲ್ಲಿ ಡೀಸೆಲ್ ಇಡುವವರು ಅದನ್ನು ನೆರಳಿನಲ್ಲಿಟ್ಟು ಮುಚ್ಚಳವನ್ನು ಬಿಗಿಯಾಗಿ ಮುಚ್ಚಿರಿ. ಅರೆತುಂಬಿದ ಬ್ಯಾರೆಲ್‌ನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ತಳದ ನಾಲ್ಕು ಬೆರಳಿನಷ್ಟು ಡೀಸೆಲ್ಲನ್ನು ವಾಹನಕ್ಕೆ ತುಂಬಬೇಡಿ.

4. ಬಂಕಿನಲ್ಲಿ ಸಂದೇಹ ಬಂದರೆ ಸಾಂದ್ರತೆಯ ಪರೀಕ್ಷೆಯನ್ನು ಕೇಳುವುದು ಗ್ರಾಹಕರ ಹಕ್ಕು. ಸರಬರಾಜಿನ ದಾಖಲೆಯಲ್ಲಿರುವ ಸಾಂದ್ರತೆಗೂ ಅಳೆದು ಬಂದ ಅಂಕಿಗೂ ಘನ ಮೀಟರಿಗೆ 3 ಕಿಲೋಗ್ರಾಂ ಮೀರಿ ವ್ಯತ್ಯಾಸವಿರಬಾರದು. ರಸೀದಿಯನ್ನು ಇಟ್ಟುಕೊಳ್ಳಿ.

5. ಕಪ್ಪು ಹೊಗೆ, ಸ್ಟಾರ್ಟ್ ಆಗಲು ತಡ ಅಥವಾ ಬಡಿತದ ಸದ್ದು ಕಂಡುಬಂದರೆ ಎಣ್ಣೆ ಸುರಿದು ಸದ್ದಡಗಿಸುವ ಬದಲು ನಾಜಲ್‌ಗಳನ್ನು ಪರೀಕ್ಷಿಸಿಸಿ.

ಈಗಾಗಲೇ ಒಂದೆರಡು ಬಾರಿ ಬೆರೆಸಿದವರು ಗಾಬರಿಯಾಗಬೇಕಿಲ್ಲ. ಮುಂದಿನ ಬಾರಿ ಶುದ್ಧ ಡೀಸೆಲ್ ತುಂಬಿಸಿ, ರೂಢಿಯನ್ನು ನಿಲ್ಲಿಸಿದರೆ ಸಾಕು. ಅಂಗಡಿಯಲ್ಲಿ ಟೂ-ಟಿ ಆಯಿಲ್ ಮಾರುವ ಸದಸ್ಯರೂ ಡೀಸೆಲ್ ವಾಹನದವರು ಕೇಳಿದಾಗ ಈ ವಿಷಯವನ್ನು ತಿಳಿಸಬೇಕಾಗಿ ವಿನಂತಿ. ಔಷಧಿ ಸಿಂಪಡಿಸುವ ಯಂತ್ರ ಮತ್ತು ಕಳೆ ಕತ್ತರಿಸುವ ಯಂತ್ರಗಳಿಗೆ ಅದರ ಅಗತ್ಯ ಇದ್ದೇ ಇದೆ. ಒಂದು ಡಬ್ಬಿಯ ಮಾರಾಟಕ್ಕಿಂತ ಗಿರಾಕಿಯ ವಾಹನ ಕೆಡದೆ ಓಡುವುದೇ ವ್ಯಾಪಾರಕ್ಕೆ ಹೆಚ್ಚು ಶ್ರೇಯಸ್ಕರ.