ಗಂಟಲಿನಿಂದ ಹೃದಯಕ್ಕೆ

ಮಕ್ಕಳೇ, ಗಂಟಲು ನೋವು ನಿಮಗೆಲ್ಲ ಗೊತ್ತು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸು ಎನ್ನುತ್ತಾರೆ ಅಮ್ಮ. ನಾಲ್ಕೈದು ದಿನಗಳಲ್ಲಿ ಅದು ಮರೆತೇ ಹೋಗುತ್ತದೆ. ಆದರೆ ಕೆಲವು ಸಲ ಗಂಟಲು ನೋವಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಕಾರಣವಾಗಿರುತ್ತದೆ.

ರೋಗಾಣು ಬಂದಾಗ ದೇಹವು ಅದರೊಡನೆ ಹೋರಾಡುತ್ತದೆ. ಕೆಲವು ಮಕ್ಕಳಲ್ಲಿ ಈ ಹೋರಾಟವು ದಾರಿ ತಪ್ಪಿ ತಮ್ಮದೇ ದೇಹದ ಮೇಲೆ ತಿರುಗುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರಗಳ ನಂತರ ಜ್ವರ ಬರುತ್ತದೆ. ಮೊಣಕಾಲು ಊದಿ ನೋಯುತ್ತದೆ. ಅದು ಇಳಿಯುವಷ್ಟರಲ್ಲಿ ಮೊಣಕೈ ಹಿಡಿಯುತ್ತದೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಿಗೆ, ಎಂದರೆ ನಿಮ್ಮ ವಯಸ್ಸಿನವರಿಗೇ, ಇದು ಹೆಚ್ಚು.

ಕೀಲುನೋವು ಹೋಗಿಬಿಡುತ್ತದೆ. ಮೋಸ ಇರುವುದು ಅಲ್ಲಿಯೇ. ಹೃದಯದೊಳಗಿನ ಕವಾಟಗಳು ಬಾಗಿಲಿನಂತೆ ತೆರೆದು ಮುಚ್ಚಿ ರಕ್ತವನ್ನು ಒಂದೇ ಕಡೆಗೆ ಬಿಡುತ್ತವೆ. ಜ್ವರ ಮತ್ತೆ ಮತ್ತೆ ಬಂದರೆ ಅವು ಕೆಡುತ್ತವೆ. ಆಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ.

ಈ ರೋಗಾಣುವನ್ನು ಕೊಲ್ಲುವ ಪೆನಿಸಿಲಿನ್ ಔಷಧವನ್ನು ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿಯೇ ಕಂಡುಹಿಡಿದರು. ಅದರ ಬೆಲೆಯೂ ಹೆಚ್ಚಲ್ಲ. ಹಾಗಾದರೆ ರೋಗ ಇನ್ನೂ ಏಕೆ ಉಳಿದಿದೆ?

ಶ್ರೀಮಂತ ದೇಶಗಳಲ್ಲಿ ಮನೆಗಳು ವಿಶಾಲವಾದಂತೆ, ಪೆನಿಸಿಲಿನ್ ಬಳಕೆಗೆ ಬರುವ ಮೊದಲೇ, ಈ ರೋಗ ಇಳಿಯತೊಡಗಿತ್ತು. ಭಾರತದಲ್ಲಿಯೂ ಆಫ್ರಿಕಾದಲ್ಲಿಯೂ ಎಷ್ಟೋ ಕುಟುಂಬಗಳು ಇಂದಿಗೂ ಒಂದೇ ಕೋಣೆಯಲ್ಲಿ ಮಲಗುತ್ತವೆ. ಒಬ್ಬರ ಕೆಮ್ಮಿನಿಂದ ರೋಗಾಣು ಇನ್ನೊಬ್ಬರಿಗೆ ಸುಲಭವಾಗಿ ಹರಡುತ್ತದೆ. ಆಸ್ಪತ್ರೆ ದೂರ. ಬರೀ ಗಂಟಲು ನೋವಿಗೆಂದು ಒಂದು ದಿನದ ಕೂಲಿ ಬಿಡುವುದು ಬಡವರಿಗೆ ಸುಲಭವೇ?

ಒಮ್ಮೆ ಈ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಅದೂ ಹಲವು ವರ್ಷ. ಆಡಿಕೊಂಡಿರುವ ಮಗುವಿಗೆ ಸೂಜಿ ಏಕೆಂದು ಎಷ್ಟೋ ಮನೆಗಳಲ್ಲಿ ನಡುವೆಯೇ ನಿಲ್ಲಿಸಿಬಿಡುತ್ತಾರೆ.

ಕ್ಯೂಬಾ ಒಂದು ಸಣ್ಣ ದೇಶ, ಸಿರಿವಂತ ದೇಶವೂ ಅಲ್ಲ. ಅಲ್ಲಿನ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ 1986ರಿಂದ ಹತ್ತು ವರ್ಷ ವೈದ್ಯರು, ಶಿಕ್ಷಕರು, ತಾಯಿತಂದೆಯರು ಎಲ್ಲರಿಗೂ ಈ ರೋಗದ ಬಗ್ಗೆ ತಿಳಿಸಲಾಯಿತು. ರೋಗಿಗಳ ಹೆಸರು ಬರೆದಿಟ್ಟು, ಚುಚ್ಚುಮದ್ದು ತಪ್ಪದಂತೆ ನೋಡಿಕೊಂಡರು. ಮೊದಲು 10,000 ಶಾಲಾ ಮಕ್ಕಳಲ್ಲಿ ಸುಮಾರು 23 ಮಂದಿಗೆ ಹೃದಯದ ತೊಂದರೆಯಿತ್ತು. 1996ರ ಹೊತ್ತಿಗೆ ಅದು ಎರಡು ಮೂರಕ್ಕೆ ಇಳಿಯಿತು. ಔಷಧ ಮಾತ್ರ ಅದೇ ಹಳೆಯ ಪೆನಿಸಿಲಿನ್.

ಅಭ್ಯಾಸ
1. ಹೃದಯದ ಕವಾಟಗಳ ಕೆಲಸವೇನು?
2. ಕೀಲುನೋವು ಹೋದ ಮೇಲೂ ಚುಚ್ಚುಮದ್ದು ಏಕೆ ಬೇಕು?
3. ಪಿನಾರ್ ದೆಲ್ ರಿಯೊದಲ್ಲಿ ಶಿಕ್ಷಕರಿಗೂ ಈ ರೋಗದ ಬಗ್ಗೆ ತಿಳಿಸಿದ್ದು ಏಕಿರಬಹುದು? ಚರ್ಚಿಸಿರಿ.