ನೊಂದು ಬಂದವಳಿಗೆ ಆಸರೆ

ಮಠದ ದಾಸೋಹದಲ್ಲಿ ಊರು, ಕುಲ ವಿಚಾರಿಸಿದ ಮೇಲೆ ಎಲೆ ಹಾಕುವ ಪದ್ಧತಿಯಿಲ್ಲ. ಮೊದಲು ಪ್ರಸಾದ, ವಿಚಾರಣೆ ಏನಿದ್ದರೂ ಅನಂತರ. ಸಂಕಟಕ್ಕೊಳಗಾದ ಮಹಿಳೆಯರ ಆಶ್ರಯಧಾಮವೂ ಇದೇ ಕ್ರಮದಲ್ಲಿ ನಡೆಯತಕ್ಕದ್ದೆಂಬುದು ಬರಿಯ ಸದಾಶಯವಲ್ಲ, ಶಾಸನದ ವಿಧಿಯೂ ಹೌದು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 6ನೆಯ ಪ್ರಕರಣದಂತೆ, ನೊಂದವಳು ಕೋರಿದರೆ ಆಶ್ರಯಧಾಮದವರು ಇರಗೊಡಲೇಬೇಕು. ಘಟನೆಯ ವರದಿ ದಾಖಲಾಗಿಲ್ಲವೆಂದು ತಿರುಗಿ ಕಳುಹಿಸುವಂತಿಲ್ಲ. ಆಕೆ ಬಯಸಿದರೆ, ಅಲ್ಲಿರುವ ಸಂಗತಿಯನ್ನು ಎದುರಾಳಿಗೆ ತಿಳಿಸುವಂತೆಯೂ ಇಲ್ಲ.

ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುವುದಿಲ್ಲವೆ ಎಂದು ಬಲ್ಲವರು ಕೇಳಬಹುದು. ಅದು ಅನುಭಾವದ ಪರೀಕ್ಷೆ. ಮಗುವನ್ನೆತ್ತಿಕೊಂಡು ರಾತ್ರಿ ಬಸ್ಸಿಳಿದವಳಿಗೆ ಅದು ಸಲ್ಲದು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನ ದೂರವೇನಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣವೂ ಬೇಕಾಗಿಲ್ಲ. ಆದರೆ ಅದಕ್ಕೂ ಗುರುತಿನ ಚೀಟಿ ತೋರಿಸಬೇಕು. ಉಟ್ಟ ಸೀರೆಯಲ್ಲಿ ಮನೆ ಬಿಟ್ಟವಳ ಕೈಯಲ್ಲಿ ಇಲ್ಲದಿರುವುದು ಸಾಮಾನ್ಯವಾಗಿ ಅದೇ. 181 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಿದರೆ ದಾರಿ ತೋರುವರು. ಜಿಲ್ಲಾ ಮಟ್ಟದ ‘ಸಖಿ’ ಕೇಂದ್ರದಲ್ಲಿ ಐದು ದಿನಗಳವರೆಗೆ ತಂಗಬಹುದು. ಚಿಕಿತ್ಸೆ, ಸಮಾಲೋಚನೆ, ಪೊಲೀಸ್ ಹಾಗೂ ಕಾನೂನು ನೆರವು ಅಲ್ಲಿಂದಲೇ ದೊರೆಯತಕ್ಕದ್ದು. ಹೆಚ್ಚು ಕಾಲದ ವಸತಿಗೆ, ಹಿಂದೆ ಸ್ವಾಧಾರ ಗೃಹಗಳೆನಿಸಿದ್ದು 2022ರಿಂದ ‘ಶಕ್ತಿ ಸದನ’ಗಳೆಂದು ಕರೆಯಲ್ಪಡುವ ನಿಲಯಗಳಿವೆ.

ಅನ್ನ, ವಸತಿಗಳಿಂದಲೇ ಆಸರೆ ಪೂರ್ಣವಾಗದು. ಅರಕಲಗೂಡಿನ ಮನೆ ಬಿಟ್ಟು ಹಾಸನದಲ್ಲಿ ತಂಗಿರುವವಳು ಹಾಸನದ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು. ತಾತ್ಕಾಲಿಕ ವಾಸದ ಸ್ಥಳವೂ ಸಾಕೆಂದು ಕಾಯಿದೆಯ 27ನೆಯ ಪ್ರಕರಣ ಹೇಳುತ್ತದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು. ಆದಾಯವೆಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರ ನೆರವಿನ ಹಕ್ಕುಂಟು. ಆಕೆ ಬಿಟ್ಟು ಬಂದ ಮನೆ ಆಕೆಯ ಹೆಸರಿನಲ್ಲಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ ಹೊಡೆಯುವ ಕೈಗೇ ಮರಳಿ ಒಪ್ಪಿಸುವ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಮಕ್ಕಳು, ನಮ್ಮ ಶಾಲೆಗಳ ಪಾತ್ರ ಆರಂಭವಾಗುವುದು ಇಲ್ಲಿಯೇ. ಶಕ್ತಿ ಸದನದಲ್ಲಿ ಅವಿವಾಹಿತ ಹೆಣ್ಣುಮಕ್ಕಳು ತಾಯಿಯೊಡನೆ ಇರಬಹುದು. ಗಂಡುಮಕ್ಕಳು ಹನ್ನೆರಡು ವರ್ಷದವರೆಗೆ ಮಾತ್ರ. ಹದಿಮೂರರ ಮಗನನ್ನು ಎಲ್ಲಿ ಬಿಡಲಿ ಎಂಬ ಒಂದೇ ಚಿಂತೆಯಿಂದ ಪೆಟ್ಟು ತಿನ್ನುತ್ತ ಉಳಿಯುವ ತಾಯಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಠಗಳ ಉಚಿತ ಪ್ರಸಾದನಿಲಯಗಳು ಇಂಥ ಬಾಲಕನಿಗೆ ವರ್ಷದ ನಡುವೆಯೂ ಒಂದು ಸ್ಥಾನವನ್ನು ಕಾದಿರಿಸಿದರೆ, ದಾನಿಗಳು ಅದರ ವೆಚ್ಚವನ್ನು ವಹಿಸಿಕೊಂಡರೆ, ಹಳೆಯ ಸೀರೆಗಳ ಗಂಟಿಗಿಂತ ಅದು ಮೇಲಾದ ದಾನ.

ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯ ತರಗತಿಯವರೆಗಿನ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಇದು ಎಲ್ಲ ಉಪಾಧ್ಯಾಯರೂ ಬಲ್ಲ ವಿಷಯ. ಗಮನಿಸದೆ ಹೋಗಬಹುದಾದದ್ದು ಮತ್ತೊಂದುಂಟು. ಆ ಪತ್ರಕ್ಕಾಗಿ ನಾವು ಹಳೆಯ ಶಾಲೆಗೆ ಬರೆಯುವ ಕಾಗದದ ಮೇಲೆ ನಮ್ಮ ಶಾಲೆಯ ಮೊಹರಿರುತ್ತದೆ. ತಾಯಿ ಮುಚ್ಚಿಟ್ಟ ವಿಳಾಸವು ಅದರಿಂದಲೇ ಊರಿಗೆ ತಿಳಿದುಹೋಗಬಹುದು. ಆದುದರಿಂದ ಮುಖ್ಯೋಪಾಧ್ಯಾಯರು ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ, ಕಾಗದವನ್ನು ತಾಯಿಯನ್ನು ಕೇಳಿದ ಮೇಲೆಯೇ ಬರೆಯಬೇಕು.