ಗ್ರಂಥಾಲಯ ಗಣಕೀಕರಣ, ಕೃತಕ ಬುದ್ಧಿಮತ್ತೆ ಮತ್ತು ಕನ್ನಡ ಸಂಶೋಧನೆ: ಸೊರಬ–ಶಿಕಾರಿಪುರ ಶಾಸನಗಳನ್ನು ಅನುಲಕ್ಷಿಸಿ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಹಾಗೂ ಸುತ್ತಲಿನ ಸೀಮೆಯ ಶಾಸನಗಳನ್ನು ಕುರಿತು ಕಿರುಪ್ರಬಂಧ ಬರೆಯಲು ಹೊರಟಿದ್ದಾನೆಂದು ಭಾವಿಸೋಣ. ಹಿಂದಿನ ತಲೆಮಾರಿನ ವಿದ್ಯಾರ್ಥಿಯಾಗಿದ್ದರೆ ಗ್ರಂಥಾಲಯಕ್ಕೆ ಹೋಗಿ, ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವನ್ನು ಕೆಳಗಿಳಿಸಿ, ಸೊರಬ ತಾಲ್ಲೂಕಿನ ಭಾಗವನ್ನು ಪುಟ ಪುಟವಾಗಿ ತಿರುವಿ ಹಾಕುತ್ತಿದ್ದ. ಇಂದಿನ ವಿದ್ಯಾರ್ಥಿ ಗಣಕದ ಮುಂದೆ ಕುಳಿತು ಊರಿನ ಹೆಸರನ್ನು ಒತ್ತುತ್ತಾನೆ. ಅದೂ ಬೇಡವೆನಿಸಿದರೆ ಕೃತಕ ಬುದ್ಧಿಮತ್ತೆಯ ಸಂವಾದಯಂತ್ರವನ್ನು ಕೇಳುತ್ತಾನೆ. ಆತನಿಗೆ ದೊರೆಯುವ ಉತ್ತರದ ಗುಣವನ್ನು ನಿರ್ಧರಿಸುವ ಅಂಶಗಳು ಯಾವುವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಗ್ರಂಥಾಲಯ ಗಣಕೀಕರಣಕ್ಕೆ ಬೇಕಾದ ಸಲಕರಣೆಗಳ ಕೊರತೆ ಇಂದು ಇಲ್ಲ. ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ 2000ದಲ್ಲಿ ಬಳಕೆಗೆ ಬಂದ ಕೋಹಾ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಲಭ್ಯವಿದೆ. ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಸೋಲ್, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ಇವು ಭಾರತೀಯ ಗ್ರಂಥಾಲಯಗಳನ್ನು ಗಮನದಲ್ಲಿಟ್ಟೇ ರೂಪುಗೊಂಡವು. ಪುಸ್ತಕ ಕೊಟ್ಟ-ತಂದ ಲೆಕ್ಕ, ಬಾರ್‌ಕೋಡ್, ದಂಡ, ವಾರ್ಷಿಕ ಪರಿಶೀಲನೆ ಮುಂತಾದ ಕೆಲಸಗಳನ್ನು ಇವು ಸಮರ್ಪಕವಾಗಿ ಮಾಡುತ್ತವೆ. ಆ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ತೊಡಕು ಇರುವುದು ಸೂಚಿಯಲ್ಲಿ. ಕನ್ನಡ ಪುಸ್ತಕದ ವಿವರಗಳನ್ನು ರೋಮನ್ ಲಿಪಿಯಲ್ಲಿ ನಮೂದಿಸುವ ರೂಢಿ ಇನ್ನೂ ಹಲವೆಡೆ ಉಳಿದಿದೆ. ಒಬ್ಬರು ದೀರ್ಘಸ್ವರಕ್ಕೆ ಅಕ್ಷರವನ್ನು ದ್ವಿತ್ವಗೊಳಿಸಿದರೆ ಇನ್ನೊಬ್ಬರು ಗೊಳಿಸುವುದಿಲ್ಲ. ಳಕಾರ-ಲಕಾರಗಳ ಭೇದವಂತೂ ಪೂರ್ತಿ ಮಾಯವಾಗುತ್ತದೆ. ಗ್ರಂಥಸೂಚಿಯ ಅಂತಾರಾಷ್ಟ್ರೀಯ ಮಾದರಿಯಾದ ಮಾರ್ಕ್ 21ರಲ್ಲಿ ಮೂಲಲಿಪಿಯ ರೂಪವನ್ನು ರೋಮನ್ ರೂಪದೊಡನೆ ಜೋಡಿಸಿ ಇಡಲೆಂದೇ 880ನೆಯ ಕ್ಷೇತ್ರವಿದೆ. ಅದನ್ನು ತುಂಬುವ ಶ್ರಮ ಮಾತ್ರ ಯಂತ್ರದ್ದಲ್ಲ.

ಸ್ಥಳನಾಮಗಳ ವಿಷಯದಲ್ಲಿ ಈ ತೊಡಕು ಇನ್ನಷ್ಟು ಗಂಭೀರವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಪ್ರಾಚೀನ ವಿದ್ಯಾಕೇಂದ್ರವೊಂದು ಬಳ್ಳಿಗಾವೆ, ಬಳ್ಳಿಗಾಮೆ, ಬಳ್ಳಿಗಾವಿ, ಬೆಳಗಾಮಿ ಎಂಬ ನಾನಾ ರೂಪಗಳಲ್ಲಿ ವಿದ್ವಾಂಸರ ಬರಹಗಳಲ್ಲಿ ಕಾಣಿಸಿಕೊಂಡಿದೆ. ಇವುಗಳ ನಡುವೆ ಸಂಬಂಧ ಕಲ್ಪಿಸದ ಸೂಚಿಯಲ್ಲಿ ಒಂದು ರೂಪವನ್ನು ಹುಡುಕಿದವನಿಗೆ ಉಳಿದವು ದೊರೆಯುವುದಿಲ್ಲ. ಹೋಲಿಕೆಯ ಬಲದಿಂದ ಊಹಿಸುವ ಯಂತ್ರವಾದರೆ ಉತ್ತರ ಕರ್ನಾಟಕದ ಬೆಳಗಾವಿ ನಗರವನ್ನು ತಂದು ಮುಂದಿಡಬಹುದು. ಸೊರಬ ತಾಲ್ಲೂಕಿನಲ್ಲಿಯೇ ಕೈಟಭೇಶ್ವರ ದೇವಾಲಯವಿರುವ ಕುಬಟೂರು ಹಳೆಯ ಗ್ರಂಥಗಳಲ್ಲಿ ಕುಪ್ಪಟೂರು ಎಂದಿದೆ. ಕುಪ್ಪಗಡ್ಡೆ, ಕುಪ್ಪಟೂರು ಇವೆರಡೂ ಒಂದೇ ತಾಲ್ಲೂಕಿನವು, ಒಂದೇ ಸಂಪುಟಕ್ಕೆ ಸೇರಿದವು, ಹೆಸರಿನ ಮೊದಲರ್ಧವೂ ಒಂದೇ. ಆ ಸೀಮೆಯವರಿಗೆ ಇವೆರಡನ್ನು ಬೇರ್ಪಡಿಸಿ ಹೇಳಬೇಕಾಗಿಲ್ಲ. ಕನ್ನಡದ ಅಲ್ಪ ಪಠ್ಯದ ಮೇಲೆ ತರಬೇತಾದ ಭಾಷಾಮಾದರಿಗೆ ಹೇಳಲೇಬೇಕು.

ಇದಕ್ಕಿಂತಲೂ ಅಪಾಯಕಾರಿಯಾದುದು ಸಂಪುಟಸಂಖ್ಯೆಯ ಗೊಂದಲ. ರೈಸ್ ಅವರ ಏಳನೆಯ ಸಂಪುಟ (1902) ಶಿಕಾರಿಪುರವನ್ನೂ ಎಂಟನೆಯದು ಸೊರಬವನ್ನೂ ಒಳಗೊಂಡಿವೆ. ಆದರೆ ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಏಳನೆಯ ಸಂಪುಟ ಮಂಡ್ಯ ಜಿಲ್ಲೆಯದು, ಎಂಟನೆಯದು ಹಾಸನ ಜಿಲ್ಲೆಯದು. ಎ.ಕ. 7 ಎಂದಷ್ಟೇ ಬರೆದರೆ ಯಾವುದೆಂದು ನಿರ್ಧರಿಸಲು ಬಾರದು. ತಾಳಗುಂದದ ಸ್ತಂಭಶಾಸನವನ್ನು ಎ.ಕ. 7, ಶಿಕಾರಿಪುರ 176 ಎಂದು ಉಲ್ಲೇಖಿಸುವಾಗ ನಮ್ಮನ್ನು ಕಾಪಾಡುವುದು ತಾಲ್ಲೂಕಿನ ಹೆಸರು. ನಮ್ಮಲ್ಲಿ ಎಷ್ಟೋ ಜನ ಅಡಿಟಿಪ್ಪಣಿಯಲ್ಲಿ ಅದನ್ನೂ ಬಿಟ್ಟು ಬರೆದಿದ್ದೇವೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಓದುವವರು ಬಲ್ಲವರು ಎಂಬ ಭರವಸೆಯಿಂದ ಬರೆದ ಆ ಟಿಪ್ಪಣಿಗಳೇ ಈಗ ಯಂತ್ರದ ಪಾಠಪುಸ್ತಕವಾಗುತ್ತಿವೆ.

ಪಠ್ಯದ ಸ್ಥಿತಿಯೂ ಸಮಾಧಾನಕರವಾಗಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮದ ತರುವಾಯ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರತೊಡಗಿದವು. ಅವುಗಳಲ್ಲಿನ ಕನ್ನಡ ಪ್ರಬಂಧಗಳು ಹಲವು ವೇಳೆ ಪುಟಗಳ ಛಾಯಾಚಿತ್ರಗಳಾಗಿರುತ್ತವೆ. ಇಲ್ಲವೇ ಯುನಿಕೋಡ್‌ಪೂರ್ವದ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾಗಿರುತ್ತವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಇಂಥ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್‌ನಂಥ ತಂತ್ರಾಂಶಗಳೂ ಇವೆ. ಹೊಸ ಮುದ್ರಣದ ಪುಟಗಳಲ್ಲಿ ಇವುಗಳ ಫಲಿತಾಂಶ ಮೆಚ್ಚತಕ್ಕದ್ದೇ. ಆದರೆ ಅನುಸ್ವಾರವನ್ನು ಸೊನ್ನೆಯೆಂದು ಓದುವುದು, ಒತ್ತಕ್ಷರವನ್ನು ನುಂಗುವುದು, ಱಕಾರ ೞಕಾರಗಳಲ್ಲಿ ಎಡವುವುದು ಹಳಗನ್ನಡ ಪಠ್ಯದಲ್ಲಿ ಅರ್ಥವನ್ನೇ ಕೆಡಿಸುತ್ತದೆ. ಯುನಿಕೋಡ್ ಪಟ್ಟಿಯಲ್ಲಿಯೇ ೞ ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದು, ತಿದ್ದುಪಡಿಯು ಪರ್ಯಾಯ ನಾಮವಾಗಿ ಮಾತ್ರ ಸೇರಿದೆ. ಆ ಪಟ್ಟಿ ಸಿದ್ಧವಾಗುವಾಗ ಹಳಗನ್ನಡ ಬಲ್ಲವರೊಬ್ಬರು ಬಳಿಯಲ್ಲಿರಬೇಕಿತ್ತು.

ಈ ಹಿನ್ನೆಲೆಯಲ್ಲಿ ಕೃತಕ ಬುದ್ಧಿಮತ್ತೆಯನ್ನು ತಿರಸ್ಕರಿಸಬೇಕೆಂಬುದು ಇಲ್ಲಿನ ವಾದವಲ್ಲ. ಒಂದೇ ಊರಿನ ಭಿನ್ನ ರೂಪಗಳನ್ನು ಕಲೆಹಾಕಿ ತೋರಿಸುವುದು, ವಿಷಯಶೀರ್ಷಿಕೆಗಳನ್ನು ಸೂಚಿಸುವುದು, ಅಕ್ಷರ ಗುರುತಿಸಿದ ಪಠ್ಯದಲ್ಲಿ ಸಂಶಯಾಸ್ಪದ ಸ್ಥಳಗಳಿಗೆ ಗುರುತು ಹಾಕುವುದು ಇವನ್ನು ಯಂತ್ರ ಕ್ಷಿಪ್ರವಾಗಿ ಮಾಡಬಲ್ಲುದು. ಆದರೆ ಅದೇ ಯಂತ್ರ ಇಲ್ಲದ ಶಾಸನಕ್ಕೆ ಸಂಖ್ಯೆ ಕೊಟ್ಟು, ಇಲ್ಲದ ಲೇಖನಕ್ಕೆ ಪುಟ ಕೊಟ್ಟು, ನಂಬುವಂಥ ಭಾಷೆಯಲ್ಲಿ ಹೇಳಲೂಬಲ್ಲುದು. ಸುಪರಿಚಿತ ವಿಷಯದಲ್ಲಿ ಇಂಥ ತಪ್ಪು ಬೇಗ ಬಯಲಾಗುತ್ತದೆ. ಕುಪ್ಪಗಡ್ಡೆಯಂಥ ಊರಿನ ವಿಷಯದಲ್ಲಿ ತಪ್ಪನ್ನು ಹಿಡಿಯಬಲ್ಲವರು ಕೆಲವೇ ಜನ, ಅವರು ಆ ಉತ್ತರವನ್ನು ನೋಡದೆಯೂ ಇರಬಹುದು. ಆ ತಪ್ಪು ಕಿರುಪ್ರಬಂಧಕ್ಕೆ, ಅಲ್ಲಿಂದ ಭಂಡಾರಕ್ಕೆ, ಭಂಡಾರದಿಂದ ಮತ್ತೆ ಯಂತ್ರಕ್ಕೆ ಸೇರಿ ಆಧಾರವಾಗಿ ಬಿಡುತ್ತದೆ.

ಆದುದರಿಂದ ಸ್ಥಳನಾಮಗಳ ಪ್ರಮಾಣಿತ ಪಟ್ಟಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಗ್ರಂಥಪಾಲಕರೊಬ್ಬರ ಮೇಲೆಯೇ ಬಿಡದೆ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ. ಕೋಹಾದಲ್ಲಿ ಸ್ಥಳನಾಮದ ಅಂಗೀಕೃತ ರೂಪವನ್ನು 151ನೆಯ ಕ್ಷೇತ್ರದಲ್ಲಿಯೂ ಇತರ ರೂಪಗಳನ್ನು 451ನೆಯ ಕ್ಷೇತ್ರದಲ್ಲಿಯೂ ದಾಖಲಿಸಲು ಅವಕಾಶವಿದೆ. ಯಾವುದು ಅಂಗೀಕೃತ, ಯಾವುದು ಪಾಠಾಂತರ, ಯಾವುದು ರೈಸ್ ಅವರ ಲಿಪ್ಯಂತರದಿಂದ ಹುಟ್ಟಿದ ರೂಪ ಎಂಬ ತೀರ್ಮಾನ ಮಾತ್ರ ಶಾಸನಾಧ್ಯಯನದ್ದು. ರಾಜ್ಯದ ಎಲ್ಲ ಊರುಗಳನ್ನು ಒಮ್ಮೆಲೇ ಹಿಡಿಯುವುದು ಅನಗತ್ಯ. ಸೊರಬ ಭಾಗದ ಶಾಸನಗಳಲ್ಲಿ ಬರುವ ಊರುಗಳಿಂದ ಆರಂಭಿಸಿ, ಪ್ರತಿ ನಮೂದಿನಲ್ಲಿ ಇಂದಿನ ಹೆಸರು, ಶಾಸನೋಕ್ತ ರೂಪ, ತಾಲ್ಲೂಕು, ಮೂಲಸಂಪುಟದ ವರ್ಷ ಮತ್ತು ಶಾಸನಸಂಖ್ಯೆ ಇವನ್ನು ಯುನಿಕೋಡ್‌ನಲ್ಲಿ ಬರೆದಿಟ್ಟರೆ ಮೊದಲ ಹಂತ ಮುಗಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಒಂದು ತರಗತಿ, ಒಬ್ಬ ಶಾಸನಜ್ಞ ಹಾಗೂ ಒಬ್ಬ ಗ್ರಂಥಪಾಲಕರ ಮೇಲ್ವಿಚಾರಣೆಯಲ್ಲಿ, ಸಂಪುಟವನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡು ಇದನ್ನು ಮಾಡಬಹುದು. ಕುಪ್ಪಗಡ್ಡೆ, ಕುಬಟೂರುಗಳಿಗೆ ಎರಡು ಪ್ರತ್ಯೇಕ ನಮೂದುಗಳನ್ನು ತೆರೆದು, ಪರಸ್ಪರ ಭಿನ್ನ ಎಂಬ ಟಿಪ್ಪಣಿಯನ್ನು ಎರಡರಲ್ಲೂ ಸೇರಿಸುವುದರಿಂದ ಇದನ್ನು ತೊಡಗಬಹುದು.